ನಿಷೇಧದ ನೆರಳಲ್ಲಿ ಹುಟ್ಟಿದ ನಾದ: ಬ್ರಿಟನ್ನಿನ ಹಳೆಯ ಎಲೆಕ್ಟ್ರಿಕ್ ಗಿಟಾರುಗಳು



1963ರ ಲಂಡನ್. ನಗರದ ಹೊರವಲಯದ ಒಂದು ಸಾಧಾರಣ ಮನೆಯಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ತಂದೆಯ ಜೊತೆ ಸೇರಿಕೊಂಡು ಎಲೆಕ್ಟ್ರಿಕ್ ಗಿಟಾರ್ ಮಾಡಲು ತೊಡಗಿದ. ಅಂಗಡಿಯ ಗಾಜಿನ ಹಿಂದೆ ಹೊಳೆಯುತ್ತಿದ್ದ ಅಮೆರಿಕದ ಗಿಟಾರನ್ನು ಕೊಳ್ಳುವಷ್ಟು ದುಡ್ಡು ಆ ಮನೆಯಲ್ಲಿರಲಿಲ್ಲ. ಗಿಟಾರಿನ ದಂಡಿಗೆ ಹಳೆಯ ಬೆಂಕಿಗೂಡಿನ ಮೇಲಿನ ಮರದ ಹಲಗೆ ಬಂತು. ಅದರಲ್ಲಿದ್ದ ಹುಳು ಕೊರೆದ ತೂತುಗಳನ್ನು ಬೆಂಕಿಕಡ್ಡಿಯಿಂದ ಮುಚ್ಚಲಾಯಿತು. ಹಳೆಯ ಓಕ್ ಮೇಜಿನ ಮರ ಒಡಲಾಯಿತು. ಮೋಟಾರ್‌ಸೈಕಲ್ ಎಂಜಿನ್ನಿನ ಸ್ಪ್ರಿಂಗುಗಳು ತಂತಿಯ ಎಳೆತಕ್ಕೆ ಎದುರು ನಿಂತವು. ಸ್ವರಸ್ಥಾನ ಗುರುತಿಸುವ ಚುಕ್ಕೆಗಳು ತಾಯಿಯ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಹಿಡಿಯ ತುದಿಗೆ ಸಿಕ್ಕಿಸಿದ್ದು ಆಕೆಯ ಹೆಣಿಗೆ ಕಡ್ಡಿಯ ತುದಿ.

ಆ ಹುಡುಗ ಬ್ರಯಾನ್ ಮೇ. ಮುಂದೆ ಕ್ವೀನ್ ತಂಡದ ಗಿಟಾರ್ ವಾದಕರಾಗಿ ಹೆಸರಾದವರು. ಮನೆಯಲ್ಲಿ ಮಾಡಿದ ಆ ಗಿಟಾರಿಗೆ ‘ರೆಡ್ ಸ್ಪೆಷಲ್’ ಎಂದು ಹೆಸರು. 2002ರಲ್ಲಿ ರಾಣಿಯ ಸಿಂಹಾಸನಾರೋಹಣದ ಸುವರ್ಣ ಮಹೋತ್ಸವದಂದು ಬಕಿಂಗ್‌ಹ್ಯಾಮ್ ಅರಮನೆಯ ಚಾವಣಿಯ ಮೇಲೆ ನಿಂತು ಅವರು ನುಡಿಸಿದ್ದು ಅದೇ ವಾದ್ಯವನ್ನು. ಅಷ್ಟೆಲ್ಲ ಮನೆಯಲ್ಲೇ ಮಾಡಿಕೊಂಡ ತಂದೆ ಮಗ ಒಂದು ಮುಖ್ಯ ಭಾಗವನ್ನು ಕೊನೆಗೆ ಅಂಗಡಿಯಿಂದ ತರಬೇಕಾಯಿತು. ಅದೇ ಪಿಕಪ್. ಅದರ ಮೇಲೆ ಇದ್ದ ಹೆಸರು ಅಮೆರಿಕದ್ದಲ್ಲ. ‘ಬರ್ನ್ಸ್’ ಎಂಬ ಇಂಗ್ಲೆಂಡಿನದೇ ಹೆಸರು.

ಎಲೆಕ್ಟ್ರಿಕ್ ಗಿಟಾರ್ ಎಂದೊಡನೆ ಹೆಚ್ಚಿನವರ ನೆನಪಿಗೆ ಬರುವುದು ಫೆಂಡರ್, ಗಿಬ್ಸನ್ ಎಂಬ ಅಮೆರಿಕದ ಹೆಸರುಗಳು. ಹಳೆಯ ಗಿಟಾರುಗಳ ಸಂಗ್ರಹಕಾರರ ಲೋಕದಲ್ಲೂ ಅವಕ್ಕೇ ಅಗ್ರಪೂಜೆ. ಎರಿಕ್ ಕ್ಲಾಪ್ಟನ್ ಅವರ ‘ಬ್ಲ್ಯಾಕಿ’ ಎಂಬ ಫೆಂಡರ್ 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. ಅದೇ ಲೋಕದ ಒಂದು ಮೂಲೆಯಲ್ಲಿ ಬರ್ನ್ಸ್, ವಾಕ್ಸ್, ವಾಟ್ಕಿನ್ಸ್, ಗ್ರಿಮ್‌ಶಾ, ಶೆರ್‌ಗೋಲ್ಡ್ ಎಂಬ ಹೆಸರುಗಳ ಬೆನ್ನು ಹತ್ತಿದ ಜನರೂ ಇದ್ದಾರೆ. ಅವರು ಕೊಳ್ಳುವ ಗಿಟಾರುಗಳು ಹಲವೊಮ್ಮೆ ಭಾರ, ಕೆಲವೊಮ್ಮೆ ಒರಟು, ತಯಾರಾದ ಕಾಲದಲ್ಲೇ ‘ಎರಡನೆಯ ದರ್ಜೆಯವು’ ಎನ್ನಿಸಿಕೊಂಡವು. ಉತ್ತಮವಾದುದನ್ನು ಕೂಡಿಡುವುದು ಸರಿ. ಎರಡನೆಯದನ್ನು ಏಕೆ ಕೂಡಿಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಯುದ್ಧಾನಂತರದ ಒಂದು ದೇಶದ ಕಥೆಯೇ ತೆರೆದುಕೊಳ್ಳುತ್ತದೆ.

ಮೊದಲು ವಾದ್ಯದ ಗುಟ್ಟನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಸಾಮಾನ್ಯ ಗಿಟಾರಿನಲ್ಲಿ ನಾದವನ್ನು ದೊಡ್ಡದು ಮಾಡುವುದು ಟೊಳ್ಳಾದ ಮರದ ಒಡಲು. ವೀಣೆಯ ಕೊಡ ಮಾಡುವ ಕೆಲಸವೇ ಅದು. ಎಲೆಕ್ಟ್ರಿಕ್ ಗಿಟಾರಿನ ಒಡಲು ಬಹುಮಟ್ಟಿಗೆ ಗಟ್ಟಿ ಮರ. ಅದನ್ನು ವಿದ್ಯುತ್ತಿಲ್ಲದೆ ಮೀಟಿದರೆ ಪಕ್ಕದ ಕೋಣೆಗೂ ಕೇಳಿಸದು. ತಂತಿಗಳ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು, ಇದೇ ಪಿಕಪ್. ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ. ಆ ಅಲುಗಾಟ ಸುರುಳಿಯಲ್ಲಿ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ. 1831ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವವೇ ಇಲ್ಲೂ ಕೆಲಸ ಮಾಡುವುದು. ಆ ವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ.

ಆದ್ದರಿಂದ ಪಿಕಪ್ಪಿನಲ್ಲಿ ಎಷ್ಟು ಸುತ್ತು, ಎಂಥ ಅಯಸ್ಕಾಂತ, ಅದು ತಂತಿಯ ಯಾವ ಭಾಗದ ಕೆಳಗಿದೆ ಎಂಬುದರ ಮೇಲೆ ದನಿ ಬದಲಾಗುತ್ತದೆ. ಕುದುರೆಯ ಹತ್ತಿರವಿದ್ದರೆ ಚೂಪು, ದಂಡಿಯ ಕಡೆಗಿದ್ದರೆ ಮೃದು. ಹಳೆಯ ಗಿಟಾರನ್ನು ಪ್ರೀತಿಸುವವರು ಒಂದು ನಿರ್ದಿಷ್ಟ ಪಿಕಪ್ಪಿಗಾಗಿ ಪ್ರಾಣ ಬಿಡುವುದು ಇದೇ ಕಾರಣಕ್ಕೆ.

ಇನ್ನು ಇತಿಹಾಸ. ಎರಡನೆಯ ಮಹಾಯುದ್ಧ ಗೆದ್ದ ಬ್ರಿಟನ್ ಖಜಾನೆಯಲ್ಲಿ ಸೋತು ಹೋಗಿತ್ತು. ಡಾಲರಿಗೆ ಬರ. ಇದ್ದಬದ್ದ ಡಾಲರನ್ನು ಆಹಾರಕ್ಕೆ, ಯಂತ್ರಕ್ಕೆ ಮೀಸಲಿಡಬೇಕಾಗಿದ್ದ ಸರ್ಕಾರ 1951ರಲ್ಲಿ ಅಮೆರಿಕದ ಸಂಗೀತ ವಾದ್ಯಗಳ ಆಮದಿಗೆ ತಡೆ ಹಾಕಿತು. ಆ ತಡೆ ತೆರವಾದದ್ದು 1959ರಲ್ಲಿ. 1991ರ ಮೊದಲಿನ ಭಾರತದಲ್ಲಿ ಪರದೇಶದ ಒಂದು ರೇಡಿಯೊಗಾಗಿ, ಒಂದು ಕ್ಯಾಮೆರಾಕ್ಕಾಗಿ ಜನ ಪಟ್ಟ ಪಾಡನ್ನು ನೆನೆಸಿಕೊಂಡರೆ ಆ ಎಂಟು ವರ್ಷಗಳ ಬ್ರಿಟಿಷ್ ಹುಡುಗರ ಹಂಬಲ ಅರ್ಥವಾದೀತು.

ವಿಚಿತ್ರವೆಂದರೆ ಗಿಟಾರಿನ ಹುಚ್ಚು ಹಬ್ಬಿದ್ದು ಅದೇ ಎಂಟು ವರ್ಷಗಳಲ್ಲಿ. ಲಾನಿ ಡಾನೆಗನ್ ಎಂಬ ಗಾಯಕ ಹಾಡಿದ ‘ರಾಕ್ ಐಲೆಂಡ್ ಲೈನ್’ 1956ರಲ್ಲಿ ಜನಪ್ರಿಯವಾಗಿ ‘ಸ್ಕಿಫಲ್’ ಎಂಬ ಸರಳ ಸಂಗೀತದ ಅಲೆ ಎದ್ದಿತು. ಒಂದು ಗಿಟಾರ್, ಬಟ್ಟೆ ಒಗೆಯುವ ತಗಡಿನ ಹಲಗೆ, ಚಹಾ ಪೆಟ್ಟಿಗೆಗೆ ಕೋಲು ದಾರ ಕಟ್ಟಿ ಮಾಡಿದ ಮಂದ್ರವಾದ್ಯ, ಇಷ್ಟಿದ್ದರೆ ತಂಡ ಸಿದ್ಧ. ಊರೂರಿನ ಹುಡುಗರು ತಂಡ ಕಟ್ಟಿದರು. ಬರ್ಟ್ ವೀಡನ್ ಎಂಬ ವಾದಕರು 1957ರಲ್ಲಿ ಹೊರತಂದ ‘ಪ್ಲೇ ಇನ್ ಎ ಡೇ’ ಎಂಬ ಕಲಿಕೆಯ ಪುಸ್ತಕ ಮನೆಮನೆಗೆ ಹೋಯಿತು. 1958ರಲ್ಲಿ ಕಂತಿನ ಖರೀದಿಯ ಮೇಲಿದ್ದ ಸರ್ಕಾರಿ ಕಟ್ಟುಪಾಡು ಸಡಿಲವಾಯಿತು. ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಹೊಸದಾಗಿ ಸಂಬಳ ಎಣಿಸುತ್ತಿದ್ದ ಹುಡುಗನಿಗೆ ವಾರಕ್ಕಿಷ್ಟು ಎಂದು ಕಟ್ಟಿ ಗಿಟಾರ್ ಒಯ್ಯುವುದು ಸಾಧ್ಯವಾಯಿತು.

ಕೊಳ್ಳುವವರಿದ್ದಾರೆ, ಮಾಲಿಲ್ಲ. ಈ ಖಾಲಿ ಜಾಗಕ್ಕೆ ಮೊದಲು ನುಗ್ಗಿದ್ದು ಯುರೋಪಿನ ವಾದ್ಯಗಳು. ಪಶ್ಚಿಮ ಜರ್ಮನಿಯ ಹೋಫ್ನರ್ ಬಂತು. ಜೆಕೊಸ್ಲೊವಾಕಿಯಾದಲ್ಲಿ ತಯಾರಾದ ಗಿಟಾರ್ ‘ಫ್ಯೂಚುರಾಮಾ’ ಎಂಬ ಹೆಸರಿನಲ್ಲಿ ಬಂತು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಮೊದಮೊದಲು ನುಡಿಸಿದ್ದು ಅದನ್ನೇ. ಅದರ ಬೆನ್ನಿಗೇ ಬ್ರಿಟನ್ನಿನ ಬಡಗಿಗಳು, ರೇಡಿಯೊ ರಿಪೇರಿ ಬಲ್ಲವರು, ಅಕಾರ್ಡಿಯನ್ ವ್ಯಾಪಾರಿಗಳು, ಬ್ಯಾಂಜೊ ಮಾಡುತ್ತಿದ್ದವರು ಕೈ ಹಚ್ಚಿದರು.

ಅವರಲ್ಲಿ ಚಾರ್ಲಿ ವಾಟ್ಕಿನ್ಸ್ ಒಬ್ಬರು. ಲಂಡನ್ನಿನಲ್ಲಿ ವಾದ್ಯದ ಅಂಗಡಿ ಇಟ್ಟಿದ್ದ ಇವರು 1958ರಲ್ಲಿ ‘ಕಾಪಿಕ್ಯಾಟ್’ ಎಂಬ ಟೇಪ್ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದರು. ನುಡಿಸಿದ ಸ್ವರವನ್ನು ಸುತ್ತುವ ಟೇಪಿನ ಮೇಲೆ ಹಿಡಿದು, ಕ್ಷಣ ತಡೆದು ಮತ್ತೆ ಕೇಳಿಸುವ ಆ ಪೆಟ್ಟಿಗೆ ಸಣ್ಣ ಸಭಾಂಗಣಕ್ಕೆ ಬೆಟ್ಟದ ಕಣಿವೆಯ ಪ್ರತಿಧ್ವನಿ ತಂದುಕೊಟ್ಟಿತು. ಅವರ ತಮ್ಮ ರೆಗ್ ಮಾಡುತ್ತಿದ್ದ ‘ರೇಪಿಯರ್’ ಗಿಟಾರ್ ಸಾವಿರಾರು ಹುಡುಗರ ಮೊದಲ ಗಿಟಾರ್ ಆಯಿತು. ರೇಪಿಯರ್ 22 ಎಂದರೆ ಎರಡು ಪಿಕಪ್, 33 ಎಂದರೆ ಮೂರು, 44 ಎಂದರೆ ನಾಲ್ಕು. ಲೆಕ್ಕ ಅಷ್ಟು ಸರಳ. ಬೆಲೆಯೂ ಎಟುಕುವಂಥದು. ಹೆಸರಾಂತ ವಾದಕರು ಅದನ್ನು ವೇದಿಕೆಗೆ ತಂದದ್ದು ಕಡಿಮೆ. ಆದರೆ ಅವರಲ್ಲಿ ಎಷ್ಟೋ ಮಂದಿ ಕಲಿತದ್ದು ಇಂಥ ಅಗ್ಗದ ಗಿಟಾರಿನಲ್ಲಿ.

ಎರಡನೆಯವರು ಟಾಮ್ ಜೆನಿಂಗ್ಸ್. ಕೆಂಟ್ ಪ್ರಾಂತ್ಯದ ಡಾರ್ಟ್‌ಫರ್ಡ್‌ನಲ್ಲಿ ಇವರ ಕಾರ್ಖಾನೆ. ಡಿಕ್ ಡೆನ್ನಿ ರೂಪಿಸಿದ ವಾಕ್ಸ್ ಆಂಪ್ಲಿಫೈಯರುಗಳು, ಅದರಲ್ಲೂ ‘ಎಸಿ 30’, ಜಗತ್ತಿನಲ್ಲೇ ಪ್ರಸಿದ್ಧ. ಅವರ ಗಿಟಾರುಗಳು ಅಷ್ಟೇ ವಿಲಕ್ಷಣ. 1962ರ ‘ಫ್ಯಾಂಟಮ್’ ಐದು ಮೂಲೆಯದು, ಶವಪೆಟ್ಟಿಗೆಯ ನೆನಪು ತರುವಂಥದು. ಕಣ್ಣೀರ ಹನಿಯ ಆಕಾರದ ಇನ್ನೊಂದನ್ನು ರೋಲಿಂಗ್ ಸ್ಟೋನ್ಸ್ ತಂಡದ ಬ್ರಯಾನ್ ಜೋನ್ಸ್ ಹಿಡಿದು ನಿಂತ ಚಿತ್ರಗಳು ಇಂದಿಗೂ ಓಡಾಡುತ್ತವೆ. ಆರ್ಗನ್ನಿನ ದನಿಯನ್ನು ಗಿಟಾರಿನೊಳಗೆ ತುಂಬುವ ಸಾಹಸವನ್ನೂ ಈ ಕಂಪನಿ ಮಾಡಿತು. ಲೋಹದ ಮೆಟ್ಟಿಲುಗಳಿಗೆ ವಿದ್ಯುತ್ ಸಂಪರ್ಕ ಕೊಟ್ಟು, ತಂತಿ ಮೆಟ್ಟಿಲನ್ನು ಮುಟ್ಟಿದೊಡನೆ ಆರ್ಗನ್ನಿನ ಸ್ವರ ಹೊರಡುವ ಏರ್ಪಾಡು. ಕಲ್ಪನೆ ದೊಡ್ಡದು, ಯಂತ್ರ ಮೊಂಡು. ಇಂದು ಸರಿಯಾಗಿ ನುಡಿಯುವ ‘ಗಿಟಾರ್ ಆರ್ಗನ್’ ಸಿಕ್ಕುವುದೇ ಅಪರೂಪ.

ಮೂರನೆಯವರು, ಈ ಕಥೆಯ ನಾಯಕರೆನ್ನಬಹುದಾದವರು, ಜಿಮ್ ಬರ್ನ್ಸ್. ಹವಾಯಿಯನ್ ಗಿಟಾರ್ ನುಡಿಸುತ್ತಿದ್ದ ಬರ್ನ್ಸ್‌ರಿಗೆ ಮರಗೆಲಸವೂ ಗೊತ್ತಿತ್ತು, ಯಂತ್ರದ ತಲೆಯೂ ಇತ್ತು. 1958ರಲ್ಲಿ ಸೂಪರ್‌ಸೌಂಡ್ ಎಂಬ ಕಂಪನಿಗೆ ಅವರು ಮಾಡಿದ ಗಿಟಾರಿಗೆ ಜಾಝ್ ವಾದಕ ಐಕ್ ಐಸಾಕ್ಸ್ ಹೆಸರಿಟ್ಟಿದ್ದರು. ಈ ಐಸಾಕ್ಸ್ ಹುಟ್ಟಿದ್ದು 1919ರಲ್ಲಿ, ಆಗಿನ್ನೂ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದ ರಂಗೂನಿನಲ್ಲಿ. ಮರುವರ್ಷ ಹೆನ್ರಿ ವೈಲ್ ಜೊತೆ ಪಾಲುದಾರಿಕೆ. ಅದು ಬಹಳ ದಿನ ಬಾಳಲಿಲ್ಲ. 1960ರಲ್ಲಿ ಬರ್ನ್ಸ್ ತಮ್ಮದೇ ಕಂಪನಿ ತೆರೆದರು.

ಬರ್ನ್ಸ್ ಅಮೆರಿಕದವರನ್ನು ನಕಲು ಮಾಡಲಿಲ್ಲ ಎಂಬುದೇ ಅವರ ಹೆಚ್ಚುಗಾರಿಕೆ. 1961ರ ‘ಬೈಸನ್’ ಹೆಸರಿಗೆ ತಕ್ಕಂತೆ ಕಾಡೆಮ್ಮೆಯ ಕೊಂಬಿನಂತೆ ಒಳಕ್ಕೆ ಬಾಗಿದ ಎರಡು ಕೋಡುಗಳ ಕಪ್ಪು ಗಿಟಾರ್. ದಂಡಿಯ ಬಾಗು ಸರಿಪಡಿಸಲು ಸಣ್ಣ ಗೇರ್ ಪೆಟ್ಟಿಗೆಯನ್ನೇ ಒಳಗಿಟ್ಟರು. ‘ಟ್ರೈಸಾನಿಕ್’ ಪಿಕಪ್ ಅವರ ಕೈಗುರುತು. ಒಂದು ಮಾದರಿಯಲ್ಲಿ ಪಿಕಪ್ಪುಗಳನ್ನು ವಿಶೇಷವಾಗಿ ಜೋಡಿಸುವ ಸ್ವಿಚ್ಚಿಗೆ ಅವರು ಕೊಟ್ಟ ಹೆಸರು ‘ವೈಲ್ಡ್ ಡಾಗ್’, ಅಂದರೆ ಕಾಡುನಾಯಿ. ಹೆಸರಿಡುವುದರಲ್ಲೂ ಒಂದು ತುಂಟತನ.

ಈ ನಡುವೆ ಕಡಲಾಚೆಯಿಂದ ಒಂದು ಕೆಂಪು ಗಿಟಾರ್ ಬಂದಿಳಿಯಿತು. ಗಾಯಕ ಕ್ಲಿಫ್ ರಿಚರ್ಡ್ ತಮ್ಮ ತಂಡದ ವಾದಕ ಹ್ಯಾಂಕ್ ಮಾರ್ವಿನ್ ಅವರಿಗಾಗಿ 1959ರಲ್ಲಿ ಅಮೆರಿಕದಿಂದ ತರಿಸಿದ ಫೆಂಡರ್ ಸ್ಟ್ರಾಟೊಕಾಸ್ಟರ್ ಅದು. ಬ್ರಿಟನ್ನಿಗೆ ಬಂದ ಮೊದಲ ಸ್ಟ್ರಾಟೊಕಾಸ್ಟರ್ ಅದೇ ಎಂಬ ಮಾತಿದೆ. ತರಿಸಿಕೊಟ್ಟ ಕ್ಲಿಫ್ ರಿಚರ್ಡ್ ಹುಟ್ಟಿದ್ದು 1940ರಲ್ಲಿ, ನಮ್ಮ ಲಖನೌದಲ್ಲಿ. ಸ್ವಾತಂತ್ರ್ಯ ಬಂದ ಮರುವರ್ಷ ಕುಟುಂಬ ಇಂಗ್ಲೆಂಡಿಗೆ ಹೊರಟಿತು. 1960ರಲ್ಲಿ ಮಾರ್ವಿನ್ ಮತ್ತು ಶ್ಯಾಡೋಸ್ ತಂಡ ನುಡಿಸಿದ ‘ಅಪಾಚಿ’ ಎಂಬ, ಹಾಡಿಲ್ಲದ ಬರೀ ವಾದ್ಯದ ತಟ್ಟೆ ಮೊದಲ ಸ್ಥಾನಕ್ಕೇರಿತು. ಬ್ರಿಟನ್ನಿನ ಹುಡುಗರೆಲ್ಲ ಕನ್ನಡಿಯ ಮುಂದೆ ಕೆಂಪು ಗಿಟಾರ್ ಹಿಡಿದವರಂತೆ ನಿಂತರು.

ಇಲ್ಲಿ ಕಥೆ ಒಂದು ತಿರುವು ಪಡೆಯುತ್ತದೆ. ಟ್ರೆಮೊಲೊ ಹಿಡಿಯನ್ನು ಒತ್ತಿ ಬಿಟ್ಟರೆ ಶ್ರುತಿ ಕದಡುತ್ತದೆ ಎಂಬುದು ಮಾರ್ವಿನ್ ಅವರಿಗಿದ್ದ ಅತೃಪ್ತಿ. ಬರ್ನ್ಸ್ ಅದನ್ನು ಸವಾಲಾಗಿ ತೆಗೆದುಕೊಂಡರು. 1964ರಲ್ಲಿ ‘ಮಾರ್ವಿನ್’ ಮಾದರಿ ಹೊರಬಂತು. ಒಂದೊಂದು ತಂತಿಯೂ ತನ್ನದೇ ಲೋಹದ ಕೊಳವೆಯಲ್ಲಿ ಹಾದುಹೋಗುವಂಥ ಏರ್ಪಾಡು ಅದರಲ್ಲಿತ್ತು. ಬಿರಡೆಗಳ ತಲೆಭಾಗಕ್ಕೆ ಪಿಟೀಲಿನ ತಲೆಯಂತೆ ಸುರುಳಿಯ ಕೆತ್ತನೆ. ದೇಶದಲ್ಲಿ ಅತಿ ಹೆಚ್ಚು ಹೆಸರಿದ್ದ ವಾದಕ ಅಮೆರಿಕದ ಗಿಟಾರನ್ನು ಪಕ್ಕಕ್ಕಿಟ್ಟು ತನ್ನ ದೇಶದ ಕುಶಲಕರ್ಮಿಯ ಗಿಟಾರನ್ನು ಎತ್ತಿಕೊಂಡದ್ದು ಸಣ್ಣ ಸಂಗತಿಯಲ್ಲ. ಇಂದಿನ ಸಂಗ್ರಹಕಾರರಿಗೆ 1964–65ರ ಬರ್ನ್ಸ್ ಮಾರ್ವಿನ್ ಒಂದು ನಿಧಿಯೇ ಸರಿ.

ಆದರೆ ಗೆಲುವು ನಿಲ್ಲಲಿಲ್ಲ. ಆಮದಿನ ತಡೆ ತೆಗೆದ ಮೇಲೆ ಅಮೆರಿಕದ ಮಾಲು ಹರಿದುಬಂತು. ಬರ್ನ್ಸ್ ಒಳ್ಳೆಯ ವಿನ್ಯಾಸಕಾರ, ಒಳ್ಳೆಯ ವ್ಯಾಪಾರಿಯಲ್ಲ. ಒಂದು ಮಾದರಿ ಮಾರುಕಟ್ಟೆಯಲ್ಲಿ ಕುದುರುವ ಮೊದಲೇ ಇನ್ನೊಂದರ ನಕ್ಷೆ ಸಿದ್ಧವಾಗುತ್ತಿತ್ತು. 1965ರಲ್ಲಿ ಅಮೆರಿಕದ ಪಿಯಾನೊ ಕಂಪನಿ ಬಾಲ್ಡ್‌ವಿನ್ ಬರ್ನ್ಸ್ ಕಂಪನಿಯನ್ನು ಕೊಂಡಿತು. ಬಾಲ್ಡ್‌ವಿನ್ನಿಗೆ ಮೊದಲು ಬೇಕಿದ್ದದ್ದು ಫೆಂಡರ್. ಅದನ್ನು ಸಿಬಿಎಸ್ ಸಂಸ್ಥೆ 130 ಲಕ್ಷ ಡಾಲರ್ ಕೊಟ್ಟು ಕಸಿದುಕೊಂಡಿತ್ತು. ಕಾರ್ಖಾನೆಯಲ್ಲಿ ಸಿದ್ಧವಿದ್ದ ಗಿಟಾರುಗಳ ಮೇಲಿನ ‘ಬರ್ನ್ಸ್’ ಎಂಬ ಅಕ್ಷರವನ್ನು ಕೆರೆದು ಆ ಜಾಗದಲ್ಲಿ ‘ಬಾಲ್ಡ್‌ವಿನ್’ ಎಂದು ಕೂರಿಸಲಾಯಿತು. ಅಂಥ ಗಿಟಾರನ್ನು ಬೆಳಕಿಗೆ ಓರೆ ಹಿಡಿದರೆ ತೇಪೆ ಕಾಣುತ್ತದೆ. ಒಂದು ಕಾರ್ಖಾನೆಯ ಮಾರಾಟಪತ್ರವನ್ನು ಓದಲು ಇದಕ್ಕಿಂತ ಬೇರೆ ದಾಖಲೆ ಬೇಕಿಲ್ಲ. 1970ರಲ್ಲಿ ಬಾಲ್ಡ್‌ವಿನ್ ಈ ತಯಾರಿಕೆಯನ್ನೇ ನಿಲ್ಲಿಸಿತು.

ವಾಕ್ಸ್ ಕಥೆಯೂ ಹೆಚ್ಚು ಬೇರೆಯಲ್ಲ. 1964ರಲ್ಲಿ ಕಂಪನಿಯ ಹಿಡಿತ ಬೇರೆ ಉದ್ಯಮ ಸಮೂಹದ ಕೈಸೇರಿತು. ಗಿಟಾರುಗಳ ತಯಾರಿಕೆ ಬಹುಪಾಲು ಇಟಲಿಗೆ ಹೋಯಿತು. 1967ರಲ್ಲಿ ಜೆನಿಂಗ್ಸ್ ತಾವೇ ಕಟ್ಟಿದ ಕಂಪನಿಯಿಂದ ಹೊರಬಿದ್ದರು. ಬರ್ನ್ಸ್ ಕಾರ್ಖಾನೆಯ ಹಳೆಯ ಕೆಲಸಗಾರರಾದ ಜ್ಯಾಕ್ ಗೋಲ್ಡರ್ ಮತ್ತು ನಾರ್ಮನ್ ಹೌಲ್ಡರ್ ‘ಶೆರ್‌ಗೋಲ್ಡ್’ ಎಂಬ ಹೆಸರಿನಲ್ಲಿ ಎಪ್ಪತ್ತರ ದಶಕಕ್ಕೆ ಆ ಕಸುಬನ್ನು ದಾಟಿಸಿದರು. ಜಿಮ್ ಬರ್ನ್ಸ್ ಮತ್ತೆ ಮತ್ತೆ ಹೊಸ ಕಂಪನಿಗಳೊಡನೆ ಮರಳಿ ಬಂದರು. ಮೊದಲಿನ ಮೆರುಗು ಮರಳಲಿಲ್ಲ. 1992ರಲ್ಲಿ ಅವರ ಹೆಸರಿನಲ್ಲಿ ಹೊಸ ಕಂಪನಿಯೊಂದು ಹಳೆಯ ಮಾದರಿಗಳನ್ನು ಮತ್ತೆ ಮಾಡತೊಡಗಿತು. 1998ರಲ್ಲಿ ಬರ್ನ್ಸ್ ತೀರಿಕೊಂಡರು.

ಹೀಗೆ ಒಂದು ಉದ್ಯಮ ತಡೆಯ ನೆರಳಲ್ಲಿ ಚಿಗುರಿ, ತಡೆ ಸರಿದೊಡನೆ ಬಿಸಿಲಿಗೆ ಬಾಡಿತು. ಉಳಿದದ್ದು ಗಿಟಾರುಗಳು. ಅವೂ ಬಹುಕಾಲ ಅಟ್ಟದ ಮೇಲೆ, ಮಂಚದ ಕೆಳಗೆ, ಅಡವಿನ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದವು. ಅವುಗಳ ಕಡೆ ಕಣ್ಣು ಹಾಯಿಸಿದವರು ಮೊದಲಿಗೆ ಶ್ರೀಮಂತರಲ್ಲ. ಹದಿನಾರನೆಯ ವಯಸ್ಸಿನಲ್ಲಿ ಕಂತು ಕಟ್ಟಿ ಕೊಂಡ ಗಿಟಾರನ್ನು ಮದುವೆಯಾದಾಗ ಮಾರಿ, ನಡುವಯಸ್ಸಿನಲ್ಲಿ ಅಂಥದೇ ಇನ್ನೊಂದನ್ನು ಹುಡುಕಿದವರು ಅವರಲ್ಲಿ ಬಹಳ. ಪಾಲ್ ಡೇ ಬರೆದ ‘ದಿ ಬರ್ನ್ಸ್ ಬುಕ್’ 1979ರಲ್ಲಿ ಪ್ರಕಟವಾದಾಗ ಈ ಹುಡುಕಾಟಕ್ಕೆ ಒಂದು ಕೈದೀಪ ಸಿಕ್ಕಿತು. ಅಮೆರಿಕದ ಹಳೆಯ ಗಿಟಾರಿಗೆ ಮನೆಯ ಬೆಲೆ ಬಂದಿರುವ ಈ ದಿನಗಳಲ್ಲೂ ಒಂದು ರೇಪಿಯರ್ ಕೆಲವು ನೂರು ಪೌಂಡಿಗೆ ಸಿಕ್ಕೀತು. ಒಳ್ಳೆಯ ಬರ್ನ್ಸ್ ಮಾರ್ವಿನ್ನಿಗೆ ಕೆಲವು ಸಾವಿರ ಪೌಂಡ್.

ಬೆಲೆ ಕಡಿಮೆ ಎಂಬುದೇ ಈ ಗಿಟಾರುಗಳಿಗೆ ಆಪತ್ತನ್ನೂ ತಂದಿತು. ರೆಡ್ ಸ್ಪೆಷಲ್‌ನ ನಾದಕ್ಕೆ ಮರುಳಾದವರಿಗೆ ಹಳೆಯ ಟ್ರೈಸಾನಿಕ್ ಪಿಕಪ್ ಬೇಕಾಯಿತು. ಬಿಡಿಯಾಗಿ ಸಿಗದಿದ್ದಾಗ ಹಳೆಯ ಬರ್ನ್ಸ್ ಗಿಟಾರ್ ಕೊಂಡು, ಮೂರು ಪಿಕಪ್ ಕಿತ್ತುಕೊಂಡು, ಉಳಿದ ಒಡಲನ್ನು ಮೂಲೆಗೆಸೆದವರುಂಟು. ಪಾಳುಬಿದ್ದ ಗುಡಿಯ ಕಂಬವನ್ನು ಕಿತ್ತು ಜಗಲಿಗೆ ಹಾಕಿಕೊಂಡ ಹಾಗೆ. ಒಂದು ಪ್ರಸಿದ್ಧ ವಾದ್ಯದ ಮೇಲಿನ ಅಭಿಮಾನ ಹತ್ತಾರು ಅಪ್ರಸಿದ್ಧ ವಾದ್ಯಗಳನ್ನು ನುಂಗಿತು. ಈಗ ಟ್ರೈಸಾನಿಕ್‌ನ ಹೊಸ ಪ್ರತಿಗಳು ಸಿಗುತ್ತಿರುವುದರಿಂದ ಹಳೆಯದನ್ನು ಕೀಳುವ ನೆಪ ಯಾರಿಗೂ ಉಳಿದಿಲ್ಲ.

ಬೆಲೆ ಏರಿದ ಕಡೆ ಇನ್ನೊಂದು ಬಗೆಯ ಆಪತ್ತು. ಟೋನಿ ಜೆಮೈಟಿಸ್ ಎಂಬ ಲಂಡನ್ನಿನ ಕುಶಲಕರ್ಮಿ ಮೊದಲು ಪೀಠೋಪಕರಣದ ಬಡಗಿ. ಕರಕರ ಸದ್ದು ಪಿಕಪ್ಪಿಗೆ ತಾಗದಿರಲೆಂದು ಗಿಟಾರಿನ ಮುಖಕ್ಕೆ ಲೋಹದ ತಗಡು ಹೊದಿಸಿದರು. ಬೇಟೆ ಬಂದೂಕುಗಳ ಮೇಲೆ ಚಿತ್ತಾರ ಕೆತ್ತುತ್ತಿದ್ದ ಡ್ಯಾನಿ ಓಬ್ರಿಯನ್ ಆ ತಗಡಿನ ಮೇಲೆ ಬಳ್ಳಿ ಹೂವು ಬಿಡಿಸಿದರು. ಸದ್ದು ತಡೆಯಲು ಬಂದ ತಗಡು ಒಡವೆಯಾಯಿತು. ರೋಲಿಂಗ್ ಸ್ಟೋನ್ಸ್‌ನ ರಾನಿ ವುಡ್, ಕೀತ್ ರಿಚರ್ಡ್ಸ್ ಅಂಥವರು ಕೊಂಡರು. ಒಬ್ಬರೇ ಕೈಯಿಂದ ಮಾಡುತ್ತಿದ್ದುದರಿಂದ ಸಂಖ್ಯೆ ಕಡಿಮೆ, ಬೇಡಿಕೆ ಅಪಾರ. 2002ರಲ್ಲಿ ಜೆಮೈಟಿಸ್ ತೀರಿಕೊಂಡರು. ಅವರ ಹೆಸರಿನ ನಕಲಿ ಗಿಟಾರುಗಳು ಈ ಸಂಗ್ರಹ ಲೋಕದ ದೊಡ್ಡ ತಲೆನೋವುಗಳಲ್ಲಿ ಒಂದು.

ಹಾಗಾದರೆ ಅಸಲಿಯನ್ನು ಗುರುತಿಸುವುದು ಹೇಗೆ? ಅನುಭವಿಗಳು ಗಿಟಾರಿನ ಮುಖ ನೋಡುವುದಕ್ಕೆ ಮೊದಲು ಅದರ ಹೊಟ್ಟೆ ತೆರೆದು ನೋಡುತ್ತಾರೆ. ಬೆಸುಗೆ ಒಂದೇ ಕೈಯದೇ, ಮಧ್ಯೆ ಯಾರಾದರೂ ಕೈಯಾಡಿಸಿದ್ದಾರೆಯೇ? ವೈರಿನ ಮೇಲಿನ ಹೊದಿಕೆ ಆ ಕಾಲದ ಬಟ್ಟೆಯೋ ಪ್ಲಾಸ್ಟಿಕ್ಕೋ? ಆ ಕಾಲದ ಬ್ರಿಟಿಷ್ ರೇಡಿಯೊ, ವಿದ್ಯುತ್ ಉಪಕರಣಗಳಲ್ಲಿ ‘ಬ್ರಿಟಿಷ್ ಅಸೋಸಿಯೇಷನ್’ ಅಳತೆಯ ಸ್ಕ್ರೂಗಳು ವಾಡಿಕೆಯಲ್ಲಿದ್ದವು. ಅರವತ್ತರ ದಶಕದ್ದೆನ್ನುವ ಗಿಟಾರಿನಲ್ಲಿ ಇಂದಿನ ಮೆಟ್ರಿಕ್ ಸ್ಕ್ರೂ ಕಂಡರೆ ತೀರ್ಪು ಕೊಡಬೇಕಿಲ್ಲ, ಪ್ರಶ್ನೆ ಕೇಳಬೇಕು. ಅತಿನೇರಳೆ ದೀಪ ಹಿಡಿದರೆ ಹೊಸದಾಗಿ ಬಳಿದ ವಾರ್ನಿಷ್ ಹಳೆಯದರಿಂದ ಬೇರೆಯಾಗಿ ಹೊಳೆಯುತ್ತದೆ. ಸವೆತವೂ ಸಾಕ್ಷಿಯೇ. ನಿಜವಾಗಿ ನುಡಿಸಿದ ಗಿಟಾರಿನಲ್ಲಿ ಮೊಣಕೈ ಒರಗುವಲ್ಲಿ, ಬೆರಳು ಓಡಾಡುವಲ್ಲಿ ಮಾತ್ರ ಬಣ್ಣ ಮಾಸಿರುತ್ತದೆ. ಎಲ್ಲೆಡೆ ಒಂದೇ ಸಮ ಮಾಸಿದ್ದರೆ ಅದು ಕಾಲದ ಕೆಲಸವಲ್ಲ, ಉಪ್ಪುಕಾಗದದ್ದು.

ಮೂಲ ಬಣ್ಣ ಉಳಿದಿರುವುದು ಸಂಗ್ರಹಕಾರರಿಗೆ ಮುಖ್ಯ. ಮಾಸಿದೆ, ಚಕ್ಕೆ ಎದ್ದಿದೆ ಎಂದು ಮರುಬಣ್ಣ ಹೊಡೆಸಿದರೆ ಬೆಲೆ ಅರ್ಧಕ್ಕೆ ಇಳಿಯುವುದುಂಟು. ಮನೆಯಲ್ಲಿ ಹಳೆಯ ವಾದ್ಯವಿದ್ದವರು ಮೊದಲು ಮಾಡುವ ತಪ್ಪು ಇದೇ: ಮಾರುವ ಮುಂಚೆ ಚೆಂದ ಕಾಣಲೆಂದು ಬಣ್ಣ ಹೊಡೆಸುವುದು.

ಕಾಪಾಡುವುದೂ ಸುಲಭವಲ್ಲ. ಹಳೆಯ ಸೆಲ್ಯುಲಾಯ್ಡ್ ತಟ್ಟೆಗಳು ವರ್ಷ ಕಳೆದಂತೆ ಆಮ್ಲದ ಆವಿ ಬಿಡುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ ಆ ಆವಿ ಸುತ್ತಲಿನ ಲೋಹವನ್ನೇ ತಿನ್ನುತ್ತದೆ. ಜೋಪಾನವಾಗಿ ಬೀಗ ಹಾಕಿಟ್ಟ ಗಿಟಾರಿಗಿಂತ ಆಗಾಗ ಗಾಳಿ ಕಂಡ ಗಿಟಾರ್ ಚೆನ್ನಾಗಿ ಉಳಿಯುವುದು ಇದರಿಂದಲೇ. ಹಳೆಯ ಆಂಪ್ಲಿಫೈಯರುಗಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಆ ಕಾಲದ ವೇದಿಕೆಯ ಸಲಕರಣೆಗಳಿಗೆ ಎಷ್ಟೋ ಸಲ ಸರಿಯಾದ ಅರ್ಥಿಂಗ್ ಇರುತ್ತಿರಲಿಲ್ಲ. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ಅರ್ಥಿಂಗ್ ಇಲ್ಲದ ಮೈಕು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟರು. ಸ್ವಂತಿಕೆ ಉಳಿಸುವ ಹಟದಲ್ಲಿ ಹಳೆಯ ಎರಡು ಪಿನ್ನಿನ ವೈರನ್ನೇ ಉಳಿಸಿಕೊಳ್ಳುವುದು ಪ್ರಾಣದ ಜೊತೆ ಆಟ.

ಇನ್ನು ಮರದ ವಿಷಯ. ಇಲ್ಲಿ ಕನ್ನಡನಾಡಿಗೂ ಈ ಕಥೆಗೂ ಒಂದು ನಂಟಿದೆ. ಗಿಟಾರಿನ ಮೆಟ್ಟಿಲುಗಳನ್ನು ಕೂರಿಸುವ ಹಲಗೆಗೆ ಗಟ್ಟಿಯಾದ, ಬೆವರಿಗೆ ಜಗ್ಗದ ಮರ ಬೇಕು. ಬಹುಕಾಲ ಬ್ರೆಜಿಲ್ ದೇಶದ ಬೀಟೆಗೆ ಅಗ್ರಸ್ಥಾನವಿತ್ತು. ಅದು ಸಿಗುವುದು ಕಷ್ಟವಾದಾಗ ವಾದ್ಯ ತಯಾರಕರು ಭಾರತದ ಬೀಟೆಯ ಕಡೆ ತಿರುಗಿದರು. ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ಈ ಬದಲಾವಣೆ ಮಾಡಿಕೊಂಡಿತು. ಕೊಡಗು, ಮಲೆನಾಡುಗಳಲ್ಲಿ ಬೆಳೆಯುವ ಮರವೂ ಈ ಬೀಟೆಯೇ. 1992ರಲ್ಲಿ ಬ್ರೆಜಿಲ್ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ‘ಸೈಟಿಸ್’ ಒಪ್ಪಂದದಡಿ ಅತಿ ಕಟ್ಟುನಿಟ್ಟಿನ ನಿರ್ಬಂಧ ಬಿತ್ತು. 2017ರ ಜನವರಿಯಲ್ಲಿ ಬೀಟೆಯ ಕುಲಕ್ಕೆ ಸೇರಿದ ಉಳಿದೆಲ್ಲ ಮರಗಳಿಗೂ ಪರವಾನಗಿಯ ಕಟ್ಟುಪಾಡು ವಿಸ್ತರಿಸಿತು. ವಾದ್ಯ ತಯಾರಕರು, ವಾದಕರು ಗೋಳಾಡಿದ ಮೇಲೆ 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಬ್ರೆಜಿಲ್ ಬೀಟೆಗೆ ಆ ವಿನಾಯಿತಿ ಇಲ್ಲ. ಆ ಮರವಿರುವ ಹಳೆಯ ಗಿಟಾರೊಂದು ದೇಶದ ಗಡಿ ದಾಟಿ ಮಾರಾಟವಾಗಬೇಕಾದರೆ ಅದರ ಮರ ಯಾವುದು, ಯಾವ ಕಾಲದ್ದು ಎಂಬ ಕಾಗದಪತ್ರ ಬೇಕಾಗುತ್ತದೆ. ಅಂದು ಡಾಲರಿನ ಬರದಿಂದ ತಡೆ, ಇಂದು ಕಾಡಿನ ಬರದಿಂದ ತಡೆ.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಸಂಗ್ರಹಿಸಿದ ಗಿಟಾರನ್ನು ನುಡಿಸಬೇಕೇ, ಇಡಬೇಕೇ? ನುಡಿಸಿದರೆ ಮೆಟ್ಟಿಲು ಸವೆಯುತ್ತದೆ, ಬಿರಡೆ ಸಡಿಲವಾಗುತ್ತದೆ, ಬಿಡಿಭಾಗ ಬದಲಿಸಬೇಕಾಗುತ್ತದೆ. ಒಂದೊಂದು ಬದಲಾವಣೆಯೂ ದಾಖಲೆಯ ಒಂದು ಸಾಲನ್ನು ಅಳಿಸಿದಂತೆ. ನುಡಿಸದಿದ್ದರೆ ಅದು ಗಿಟಾರಿನ ಆಕಾರದ ಮರದ ತುಂಡು. ಬಲ್ಲವರು ನಡುದಾರಿಯೊಂದನ್ನು ಕಂಡುಕೊಂಡಿದ್ದಾರೆ. ಸವೆದ ಭಾಗವನ್ನು ಬದಲಿಸು, ಆದರೆ ತೆಗೆದದ್ದನ್ನು ಎಸೆಯಬೇಡ. ಒಂದು ಲಕೋಟೆಯಲ್ಲಿ ಹಾಕಿ, ಯಾವಾಗ ಯಾರು ಏಕೆ ತೆಗೆದರೆಂದು ಬರೆದು, ಗಿಟಾರಿನ ಪೆಟ್ಟಿಗೆಯಲ್ಲೇ ಇಡು. ಮುಂದಿನವರಿಗೆ ಹಿಂದಿನ ಸ್ಥಿತಿಗೆ ಮರಳುವ ದಾರಿ ತೆರೆದಿರಲಿ. ಇದು ದುಬಾರಿ ಗಿಟಾರಿಗೆ ಎಷ್ಟು ಸಲ್ಲುತ್ತದೆಯೋ ಅಗ್ಗದ ರೇಪಿಯರಿಗೂ ಅಷ್ಟೇ ಸಲ್ಲುತ್ತದೆ. ನಮ್ಮ ಮನೆಗಳ ಅಟ್ಟದ ಮೇಲಿರುವ ಹಾರ್ಮೋನಿಯಂ, ತಂಬೂರಿಗಳಿಗೂ ಸಲ್ಲದಿರಲು ಕಾರಣವಿಲ್ಲ.

ಎರಡನೆಯ ದರ್ಜೆಯದನ್ನು ಏಕೆ ಕೂಡಿಡಬೇಕು ಎಂಬ ಮೊದಲಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಅತ್ಯುತ್ತಮವಾದ ವಸ್ತುಗಳು ಹೇಗೂ ಉಳಿದುಕೊಳ್ಳುತ್ತವೆ. ಅವಕ್ಕೆ ಹಣವಂತರ ಕಾವಲಿದೆ, ಹರಾಜುಕಟ್ಟೆಯ ದೀಪವಿದೆ. ಒಂದು ಕಾಲದ ಸಾಮಾನ್ಯರು ನಿಜವಾಗಿ ಕೈಯಲ್ಲಿ ಹಿಡಿದದ್ದು ಏನು, ಅವರ ಬೆರಳು ಮೊದಲು ನೊಂದದ್ದು ಯಾವ ತಂತಿಯ ಮೇಲೆ ಎಂಬುದನ್ನು ಹೇಳುವ ವಸ್ತುಗಳಿಗೆ ಅಂಥ ಕಾವಲಿಲ್ಲ. ಬ್ರಿಟನ್ನಿನ ಸಂಗೀತ ಅರವತ್ತರ ದಶಕದಲ್ಲಿ ಜಗತ್ತನ್ನು ಗೆದ್ದಿತು ಎಂದು ಚರಿತ್ರೆ ಬರೆಯುವವರು ಬರೆಯುತ್ತಾರೆ. ಗೆದ್ದವರ ಕೈಯಲ್ಲಿ ಬಹುಪಾಲು ಅಮೆರಿಕದ ಗಿಟಾರಿತ್ತು ಎಂಬುದು ನಿಜ. ಆದರೆ ಅವರ ತಲೆಮಾರು ಕಲಿತದ್ದು ಕಂತು ಕಟ್ಟಿ ತಂದ, ಶ್ರುತಿ ನಿಲ್ಲದ, ಊರಿನ ಬಡಗಿ ಮಾಡಿದ ಗಿಟಾರಿನಲ್ಲಿ. ಕಲಿಸಿದವನ ಹೆಸರನ್ನು ಮರೆಯದಿರುವುದು ಸಂಗೀತದಲ್ಲಿ ಹಳೆಯ ರೂಢಿ. ಈ ಸಂಗ್ರಹಕಾರರು ಮಾಡುತ್ತಿರುವುದು ಅದನ್ನೇ.